ಮೇಲಿಂಗ್ ಲಿಸ್ಟ್ ಆರ್ಕೈವ್: ಮಾತು ತೆರೆದಿರಲಿ, ಇಮೇಲ್ ವಿಳಾಸ ಮರೆಯಲ್ಲಿರಲಿ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಎರಡು. ಒಂದು ಸದಸ್ಯರದು: “ಎಷ್ಟೋ ವರ್ಷಗಳ ಹಿಂದೆ ಒಂದು ಗುಂಪಿಗೆ ಪತ್ರ ಬರೆದಿದ್ದೆ. ಈಗ ನನ್ನ ಹೆಸರು ಹುಡುಕಿದರೆ ಇಮೇಲ್ ವಿಳಾಸದ ಸಮೇತ ಆ ಪತ್ರ ಕಾಣಿಸುತ್ತದೆ. ಏನು ಮಾಡಲಿ?” ಇನ್ನೊಂದು ಗುಂಪು ನಡೆಸುವವರದು: “ಸ್ಪ್ಯಾಮ್ ಕಾಟ ಹೆಚ್ಚಾಗಿದೆ ಎಂದು ಸದಸ್ಯರು ದೂರುತ್ತಿದ್ದಾರೆ. ಆರ್ಕೈವನ್ನೇ ಮುಚ್ಚಿಬಿಡೋಣವೇ?”

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಮುಚ್ಚಬೇಡಿ. ಮೇಲಿಂಗ್ ಲಿಸ್ಟ್ ಎಂದರೆ ಒಂದು ವಿಳಾಸಕ್ಕೆ ಕಳಿಸಿದ ಪತ್ರ ಎಲ್ಲ ಸದಸ್ಯರಿಗೂ ತಲುಪುವ ಏರ್ಪಾಡು. ಹಾಗೆ ಬಂದ ಪತ್ರಗಳನ್ನು ಜೋಡಿಸಿ ಜಾಲದಲ್ಲಿ ಇಟ್ಟ ಸಂಗ್ರಹವೇ ಆರ್ಕೈವ್. ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವುದು, ಅರ್ಕಾವತ್ತು ತಪ್ಪಾಗಿ ಮೂಡುವುದು, ಲಿನಕ್ಸ್ ಮೆನುಗಳಿಗೆ ಕನ್ನಡ ಪದ ಹೊಂದಿಸುವುದು, ಇಂಥ ಎಷ್ಟೋ ಚರ್ಚೆಗಳು ಇಮೇಲ್ ಗುಂಪುಗಳಲ್ಲೇ ನಡೆದಿವೆ. ಕರ್ನಾಟಕದ ಪ್ರೌಢಶಾಲಾ ಶಿಕ್ಷಕರ ‘ವಿಷಯ ಶಿಕ್ಷಕರ ವೇದಿಕೆ’ ಪಾಠದ ಸಾಮಗ್ರಿ ಹಂಚಿಕೊಂಡದ್ದೂ ಗೂಗಲ್ ಗ್ರೂಪ್‌ಗಳಲ್ಲಿ. ಇಂಥ ಸಂಗ್ರಹಕ್ಕೆ ಬೀಗ ಬಿದ್ದರೆ ನಷ್ಟ ಸ್ಪ್ಯಾಮ್ ಕಳಿಸುವವರಿಗಲ್ಲ, ನಾಳೆ ಅದೇ ತೊಂದರೆ ಎದುರಿಸುವ ಕನ್ನಡಿಗರಿಗೆ. ಮುಚ್ಚಬೇಕಾದದ್ದು ವಿಳಾಸವನ್ನು ಮಾತ್ರ.

ಮುಂದೆ ಹೇಳುವ ಕೆಲಸಕ್ಕೆ ಬೇಕಾದದ್ದು ಇಷ್ಟು: ಗುಂಪಿನ ನಿರ್ವಾಹಕರ ಪಾಸ್‌ವರ್ಡ್, ಸ್ವಂತ ಸರ್ವರ್ ಇದ್ದರೆ ಅದರ ಒಳಗೆ ಹೋಗುವ ಅನುಮತಿ, ಕೆಲವು ಗಂಟೆ ಬಿಡುವು. ನೀವು ಕೇವಲ ಸದಸ್ಯರಾಗಿದ್ದರೆ ನೇರವಾಗಿ ಏಳನೆಯ ಹಂತಕ್ಕೆ ಹೋಗಬಹುದು. ಆದರೆ ಎರಡನೆಯದನ್ನು ಓದಿಕೊಂಡೇ ಹೋಗಿ.

ವಿಳಾಸ ಕದಿಯುವುದು ಹೇಗೆ?

ಜಾಲದ ಪುಟಗಳನ್ನು ಒಂದೊಂದಾಗಿ ತೆರೆಯುತ್ತ, ನಡುವೆ @ ಚಿಹ್ನೆ, ಕೊನೆಗೆ ಚುಕ್ಕಿ ಇರುವ ಪದ ಸಿಕ್ಕಿದೊಡನೆ ಎತ್ತಿಟ್ಟುಕೊಳ್ಳುವ ತಂತ್ರಾಂಶಗಳಿವೆ. ಇವನ್ನು ಹಾರ್ವೆಸ್ಟರ್ ಎನ್ನುತ್ತಾರೆ. ಈ ಲೇಖನದಲ್ಲಿ ‘ವಿಳಾಸಗಳ್ಳ’ ಎಂದು ಕರೆಯುತ್ತೇನೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ 250 ಹೊಸ ವಿಳಾಸಗಳನ್ನು ಜಾಲದ 175 ಕಡೆ ಹಾಕಿ ಪರೀಕ್ಷಿಸಿತು. ವೆಬ್ ಪುಟಗಳಲ್ಲಿ ಹಾಕಿದ್ದವುಗಳಲ್ಲಿ ಶೇ. 86ಕ್ಕೆ ಸ್ಪ್ಯಾಮ್ ಬಂತು. ಅದೇ ಸಂಸ್ಥೆ 2005ರಲ್ಲಿ ಮತ್ತೆ ಪರೀಕ್ಷಿಸಿದಾಗ, @ ಚಿಹ್ನೆಯ ಬದಲು ಪದ ಬರೆದು ಮರೆಮಾಚಿದ ವಿಳಾಸಗಳಿಗೆ ಸ್ಪ್ಯಾಮ್ ಬಹುತೇಕ ಬರಲೇ ಇಲ್ಲ.

“@ ಬದಲು ‘ಅಟ್’ ಎಂದು ಬರೆದರೆ ಯಾರು ಬೇಕಾದರೂ ಬಿಡಿಸಿಕೊಳ್ಳಬಹುದಲ್ಲ” ಎಂದು ಹಲವರು ಕೇಳುತ್ತಾರೆ. ನಿಜ, ಒಂದೇ ಸಾಲಿನ ಪ್ರೋಗ್ರಾಮ್ ಸಾಕು. ಹಾಗಿದ್ದರೂ ಇದು ವ್ಯರ್ಥವಲ್ಲ. ಕೋಟಿಗಟ್ಟಲೆ ವಿಳಾಸಗಳು ಬಯಲಲ್ಲೇ ಬಿದ್ದಿರುವಾಗ ಹೆಚ್ಚಿನ ವಿಳಾಸಗಳ್ಳರು ಕಷ್ಟಪಡುವುದಿಲ್ಲ. ಆದರೆ ಇದನ್ನು ಕನಿಷ್ಠ ರಕ್ಷಣೆ ಎಂದು ಮಾತ್ರ ತಿಳಿಯಿರಿ. ವಿಳಾಸದ ಅರ್ಧ ಭಾಗವನ್ನು ತೋರಿಸದೇ ಇರುವುದು, ಇಲ್ಲವೇ ಹೆಸರನ್ನು ಮಾತ್ರ ಉಳಿಸಿ ವಿಳಾಸವನ್ನೇ ತೆಗೆಯುವುದು ಇದಕ್ಕಿಂತ ಬಹಳ ಮೇಲು. ಪುಟದಲ್ಲಿ ಇಲ್ಲದ್ದನ್ನು ಯಾವ ಯಂತ್ರವೂ ಬಿಡಿಸಲಾರದು.

ಆರ್ಕೈವ್ ವಿಚಾರದಲ್ಲಿ ನನಗೆ ಸ್ಪ್ಯಾಮ್‌ಗಿಂತ ಹೆಚ್ಚು ಆತಂಕ ತರುವ ಸಂಗತಿ ಬೇರೆಯದು. ಅಲ್ಲಿ ವಿಳಾಸದ ಜೊತೆಗೆ ನಿಮ್ಮ ಹೆಸರು, ಕೆಲಸ, ಯಾರೊಂದಿಗೆ ಯಾವ ವಿಷಯ ಮಾತನಾಡುತ್ತೀರಿ ಎಂಬುದೂ ಇರುತ್ತದೆ. ಪರಿಚಿತರ ಹೆಸರಿನಲ್ಲಿ, ನಂಬುವಂಥ ವಿಷಯ ಹಾಕಿ, ಮೋಸದ ಪತ್ರ ಕಳಿಸಲು ಬೇಕಾದದ್ದೆಲ್ಲ ಒಂದೇ ಕಡೆ ಸಿಗುತ್ತದೆ. ಆದ್ದರಿಂದ “ನನ್ನ ಇಮೇಲ್ ಸೇವೆಯಲ್ಲಿ ಸ್ಪ್ಯಾಮ್ ಫಿಲ್ಟರ್ ಚೆನ್ನಾಗಿದೆ” ಎಂದು ಸುಮ್ಮನಿರಬೇಡಿ.

1. ನಿಮ್ಮ ಆರ್ಕೈವ್ ಯಾವ ತಂತ್ರಾಂಶದ್ದು ಎಂದು ತಿಳಿಯಿರಿ

ಪುಟದ ಜಾಲವಿಳಾಸದಲ್ಲಿ ‘ಪೈಪರ್‌ಮೇಲ್’ ಎಂಬ ಪದ ಇದ್ದರೆ ಅದು ಇಮೇಲ್ ಗುಂಪು ನಡೆಸುವ ಮೇಲ್‌ಮ್ಯಾನ್ ತಂತ್ರಾಂಶದ ಎರಡನೆಯ ಆವೃತ್ತಿ, ಅಂದರೆ ಮೇಲ್‌ಮ್ಯಾನ್ 2. ‘ಹೈಪರ್‌ಕಿಟಿ’ ಎಂದು ಪುಟದ ಅಡಿಯಲ್ಲಿ ಇದ್ದರೆ ಮೇಲ್‌ಮ್ಯಾನ್ 3. ಗೂಗಲ್ ಗ್ರೂಪ್ಸ್, ಗ್ರೂಪ್ಸ್ ಡಾಟ್ ಐಒ ಗುರುತಿಸಲು ಕಷ್ಟವಿಲ್ಲ. ಹಳೆಯ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಸರ್ವರ್‌ಗಳಲ್ಲಿ ಎಂಹಾನಾರ್ಕ್ ಅಥವಾ ಹೈಪರ್‌ಮೇಲ್ ಎಂಬ ಆರ್ಕೈವ್ ತಂತ್ರಾಂಶ ಇರಬಹುದು. ಇವು ತಮ್ಮ ಹೆಸರನ್ನು ಪುಟದ ಮೂಲದಲ್ಲಿ, ಅಂದರೆ ಪುಟದ ಹಿಂದಿರುವ ಕೋಡಿನಲ್ಲಿ, ಬರೆದುಕೊಂಡಿರುತ್ತವೆ. ಅದನ್ನು ತೆರೆಯುವ ಬಗೆ ಮುಂದಿನ ಹಂತದಲ್ಲಿದೆ.

2. ಹೊರಗಿನವರ ಕಣ್ಣಿನಿಂದ ನೋಡಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ನೀವು ನಿರ್ವಾಹಕರಾಗಿ ಲಾಗಿನ್ ಆಗಿರುವಾಗ ಕಾಣುವ ಪುಟವೇ ಬೇರೆ, ಅಪರಿಚಿತರಿಗೆ ಕಾಣುವ ಪುಟವೇ ಬೇರೆ. ಬ್ರೌಸರ್‌ನ ಖಾಸಗಿ ಕಿಟಕಿ ತೆರೆದು, ಲಾಗಿನ್ ಆಗದೆ, ಆರ್ಕೈವ್‌ನ ಒಂದು ಹಳೆಯ ಪತ್ರ ಮತ್ತು ಒಂದು ಹೊಸ ಪತ್ರ ತೆರೆಯಿರಿ. ಕಂಟ್ರೋಲ್ ಮತ್ತು ಎಫ್ ಒತ್ತಿ @ ಹುಡುಕಿ. ನೋಡಬೇಕಾದ ಜಾಗಗಳು:

— ಕಳಿಸಿದವರ ಹೆಸರಿನ ಸಾಲು.

— ಪತ್ರದ ಒಡಲಿನಲ್ಲಿ ಹಿಂದಿನ ಪತ್ರದ ಉಲ್ಲೇಖ. ಉತ್ತರ ಬರೆದಾಗ “ಇಂಥ ದಿನ ಇಂಥವರು ಬರೆದರು” ಎಂಬ ಸಾಲನ್ನು ಇಮೇಲ್ ತಂತ್ರಾಂಶ ತಾನಾಗಿಯೇ ಸೇರಿಸುತ್ತದೆ. ಅದರಲ್ಲಿ ವಿಳಾಸ ಪೂರ್ತಿ ಇರುತ್ತದೆ. ಅಂದರೆ ಹತ್ತು ಮಂದಿ ಉತ್ತರಿಸಿದರೆ ಒಬ್ಬರ ವಿಳಾಸ ಹತ್ತು ಸಲ ಬಯಲಾಗುತ್ತದೆ.

— ಪತ್ರದ ಕೊನೆಯ ಸಹಿ. ಇಲ್ಲಿ ಫೋನ್ ಸಂಖ್ಯೆ, ಮನೆಯ ವಿಳಾಸವೂ ಸಿಗುವುದುಂಟು. ಇವನ್ನು ಯಾವ ತಂತ್ರಾಂಶವೂ ಮರೆಮಾಡುತ್ತದೆ ಎಂದು ನಂಬಬೇಡಿ.

— ಲಗತ್ತುಗಳು. ಬೇರೊಂದು ಪತ್ರವನ್ನೇ ಲಗತ್ತಾಗಿ ಕಳಿಸಿದ್ದರೆ ಅದರೊಳಗಿನ ವಿಳಾಸಗಳು ಹಾಗೆಯೇ ಉಳಿದಿರಬಹುದು.

— ತಿಂಗಳ ಪತ್ರಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳುವ ಕಡತ.

— ಸದಸ್ಯರ ಪಟ್ಟಿಯ ಪುಟ.

ಇದಾದ ಮೇಲೆ ಪುಟದ ಮೂಲ ತೆರೆಯಿರಿ. ಕಂಟ್ರೋಲ್ ಮತ್ತು ಯು ಒತ್ತಿದರೆ ಬರುತ್ತದೆ. ಅಲ್ಲಿಯೂ @ ಹುಡುಕಿ. ಕಣ್ಣಿಗೆ ಕಾಣುವ ಪುಟದಲ್ಲಿ ವಿಳಾಸ ಮರೆಯಾಗಿದ್ದು, ಒತ್ತಿದರೆ ಪತ್ರ ಬರೆಯುವ ಕಿಟಕಿ ತೆರೆಯುವ ‘ಮೇಲ್‌ಟು’ ಕೊಂಡಿಯೊಳಗೆ ಪೂರ್ತಿ ವಿಳಾಸ ಕುಳಿತಿರುವುದುಂಟು. ವಿಳಾಸಗಳ್ಳ ಓದುವುದು ಪುಟದ ಮೂಲವನ್ನು. ಪರದೆಯ ಮೇಲಿನ ಅಲಂಕಾರ ಅದಕ್ಕೆ ಲೆಕ್ಕಕ್ಕಿಲ್ಲ. ಕೆಲವೊಮ್ಮೆ @ ಚಿಹ್ನೆಯನ್ನು 64 ಎಂಬ ಸಂಖ್ಯೆಯ ಎಚ್‌ಟಿಎಂಎಲ್ (ಜಾಲದ ಪುಟ ಬರೆಯುವ ಭಾಷೆ) ಸಂಕೇತವಾಗಿ ಬರೆದಿರುತ್ತಾರೆ. ಬ್ರೌಸರ್‌ಗೆ ಅದು ಅರ್ಥವಾಗುವ ಹಾಗೆ ಕಳ್ಳನಿಗೂ ಅರ್ಥವಾಗಬಹುದು. ಆದ್ದರಿಂದ ಅದನ್ನೊಂದನ್ನೇ ನೆಚ್ಚಬೇಡಿ.

ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎಲ್ಲ ಮುಗಿದ ಮೇಲೆ ಇದೇ ಹಾಳೆ ಹಿಡಿದು ಮತ್ತೆ ನೋಡಬೇಕು.

3. ಸೆಟ್ಟಿಂಗ್ ಬದಲಿಸಿ

ಮೇಲ್‌ಮ್ಯಾನ್ 2: ಸರ್ವರ್‌ನಲ್ಲಿ ‘ಎಂಎಂ ಸಿಎಫ್‌ಜಿ’ ಹೆಸರಿನ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಡತವಿದೆ. ಅದರಲ್ಲಿ ‘ಆರ್ಕೈವರ್ ಅಬ್‌ಸ್ಕ್ಯೂರ್ಸ್’ ಎಂದು ಆರಂಭವಾಗುವ, ಎಲ್ಲ ದೊಡ್ಡಕ್ಷರಗಳಲ್ಲಿರುವ ಸೆಟ್ಟಿಂಗನ್ನು ‘ಯೆಸ್’ ಮಾಡಿ. ಪಕ್ಕದಲ್ಲೇ ‘ಡಿಫಾಲ್ಟ್ಸ್’ ಎಂಬ ಕಡತವೂ ಕಾಣಿಸುತ್ತದೆ. ಅದನ್ನು ಮುಟ್ಟಬೇಡಿ, ತಂತ್ರಾಂಶ ನವೀಕರಣವಾದಾಗ ನಿಮ್ಮ ಬದಲಾವಣೆ ಅಳಿಸಿಹೋಗುತ್ತದೆ. ಇದಾದ ಮೇಲೆ ಮೇಲ್‌ಮ್ಯಾನ್ ಸೇವೆಯನ್ನು ಮರುಪ್ರಾರಂಭಿಸಿದರೆ ಹೊಸ ಪತ್ರಗಳಲ್ಲಿ @ ಜಾಗಕ್ಕೆ ‘ಅಟ್’ ಎಂಬ ಪದ ಬರುತ್ತದೆ. ಕಳಿಸಿದವರ ಹೆಸರಿನ ಸಾಲಿನಲ್ಲೂ ಪತ್ರದ ಒಡಲಿನಲ್ಲೂ ಬದಲಾಗುತ್ತದೆ. ಆಮೇಲೆ ಗುಂಪಿನ ನಿರ್ವಹಣಾ ಪುಟದಲ್ಲಿ ಖಾಸಗಿತನದ ಆಯ್ಕೆಗಳಿಗೆ ಹೋಗಿ, ಸದಸ್ಯರ ಪಟ್ಟಿಯನ್ನು ನಿರ್ವಾಹಕರು ಮಾತ್ರ ನೋಡುವಂತೆ ಮಾಡಿ.

ಇಲ್ಲೊಂದು ಗೊಂದಲ ಆಗಾಗ ಆಗುತ್ತದೆ. ಅದೇ ಪುಟದಲ್ಲಿ “ಸದಸ್ಯರ ವಿಳಾಸ ನೇರವಾಗಿ ಗುರುತಿಸಲು ಆಗದಂತೆ ತೋರಿಸು” ಎಂಬ ಅರ್ಥದ ಆಯ್ಕೆಯೂ ಇದೆ. ಅದನ್ನು ಒತ್ತಿ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ. ಆ ಆಯ್ಕೆ ಸದಸ್ಯರ ಪಟ್ಟಿಗೆ ಸಂಬಂಧಿಸಿದ್ದು, ಆರ್ಕೈವ್‌ಗಲ್ಲ.

ಮೇಲ್‌ಮ್ಯಾನ್ 3: ಹೈಪರ್‌ಕಿಟಿ ವಿಳಾಸದ @ ಬದಲು ಆವರಣದೊಳಗೆ ಇಂಗ್ಲಿಷ್ ‘ಎ’ ಅಕ್ಷರ ತೋರಿಸುತ್ತದೆ. ಪೋಸ್ಟೋರಿಯಸ್ ಎಂಬ ನಿರ್ವಹಣಾ ಪುಟದಲ್ಲಿ ಆರ್ಕೈವ್ ಎಲ್ಲರಿಗೂ ತೆರೆದಿರಬೇಕೇ, ಸದಸ್ಯರಿಗೆ ಮಾತ್ರವೇ, ಇರಲೇಬಾರದೇ ಎಂದು ಆರಿಸಬಹುದು. ಸದಸ್ಯರ ಪಟ್ಟಿಯನ್ನು ಇಲ್ಲಿಯೂ ಪ್ರತ್ಯೇಕವಾಗಿ ನೋಡಿಕೊಳ್ಳಿ. ನಿಮ್ಮದು ಇನ್ನೂ ಮೇಲ್‌ಮ್ಯಾನ್ 2 ಆಗಿದ್ದರೆ 3ಕ್ಕೆ ಹೋಗುವ ಯೋಚನೆ ಮಾಡಿ. ಮೇಲ್‌ಮ್ಯಾನ್ 2 ಓಡುವುದು ಪೈಥಾನ್ 2ರ ಮೇಲೆ, ಪೈಥಾನ್ 2ಕ್ಕೆ ಬೆಂಬಲ 2020ರ ಆರಂಭದಲ್ಲೇ ನಿಂತಿದೆ.

ಗೂಗಲ್ ಗ್ರೂಪ್ಸ್: ವಿಳಾಸದ ಮೊದಲ ಕೆಲವು ಅಕ್ಷರ ತೋರಿಸಿ ಉಳಿದದ್ದಕ್ಕೆ ಚುಕ್ಕಿ ಇಡುವ ಕೆಲಸವನ್ನು ಅದು ತಾನೇ ಮಾಡುತ್ತದೆ. ಚಿಕ್ಕ ಗುಂಪುಗಳಿಗೆ ಇದು ಸಾಕು. ನಿರ್ವಾಹಕರು ನೋಡಬೇಕಾದದ್ದು ಸದಸ್ಯರ ಪಟ್ಟಿಯನ್ನು ಯಾರು ನೋಡಬಹುದು ಎಂಬ ಒಂದೇ ಆಯ್ಕೆಯನ್ನು. ಅದನ್ನು ನಿರ್ವಾಹಕರ ಮಟ್ಟಕ್ಕೆ ಇಳಿಸಿ. ಗ್ರೂಪ್ಸ್ ಡಾಟ್ ಐಒ ಕೂಡ ಹೆಚ್ಚುಕಡಿಮೆ ಹೀಗೆಯೇ.

ಎಂಹಾನಾರ್ಕ್‌ನಲ್ಲಿ ‘ಸ್ಪ್ಯಾಮ್‌ಮೋಡ್’ ಎಂಬ ಆಯ್ಕೆ ಇದೆ, ಅದನ್ನು ಸೇರಿಸಿ. ಪಬ್ಲಿಕ್ ಇನ್‌ಬಾಕ್ಸ್ ಎಂಬ ಇನ್ನೊಂದು ಆರ್ಕೈವ್ ತಂತ್ರಾಂಶ ಬಳಸುವವರು ಒಂದು ಮಾತು ತಿಳಿದಿರಬೇಕು: ಅದು ತಾನಾಗಿ ಏನನ್ನೂ ಮರೆಮಾಡುವುದಿಲ್ಲ. ‘ಆಬ್‌ಫಸ್ಕೇಟ್’ ಆಯ್ಕೆಯನ್ನು ನೀವೇ ಹಾಕಬೇಕು.

ಎಲ್ಲ ಕಡೆಯೂ ಮರೆಮಾಡುವುದು ಸರಿಯಲ್ಲ ಎಂಬುದನ್ನೂ ಹೇಳಬೇಕು. ತಂತ್ರಾಂಶ ಕಟ್ಟುವ ಗುಂಪುಗಳಲ್ಲಿ ಕೋಡಿನ ತಿದ್ದುಪಡಿಗಳು ಪತ್ರದಲ್ಲೇ ಬರುತ್ತವೆ, ಯಾರ ಕೊಡುಗೆ ಎಂಬ ದಾಖಲೆಯಾಗಿ ಅದರಲ್ಲಿ ವಿಳಾಸವೂ ಇರುತ್ತದೆ. ಒಡಲಿನ @ ಎಲ್ಲವನ್ನೂ ‘ಅಟ್’ ಮಾಡಿದರೆ ಕೋಡ್ ಕೆಡುತ್ತದೆ, ಡಿಜಿಟಲ್ ಸಹಿ ತಾಳೆಯಾಗುವುದಿಲ್ಲ. ಲಿನಕ್ಸ್ ಕರ್ನೆಲ್‌ನ ಆರ್ಕೈವ್ ವಿಳಾಸಗಳನ್ನು ಪೂರ್ತಿಯಾಗಿ ತೋರಿಸುತ್ತದೆ. ಅಂಥ ಗುಂಪು ನಿಮ್ಮದಾದರೆ, ಸೇರುವಾಗಲೇ ಸದಸ್ಯರಿಗೆ ಸ್ಪಷ್ಟವಾಗಿ ತಿಳಿಸಿ.

ವಿಳಾಸವನ್ನು ಚಿತ್ರವಾಗಿ ತೋರಿಸುವ ಉಪಾಯವನ್ನು ನಾನು ಒಪ್ಪುವುದಿಲ್ಲ. ಪರದೆ ಓದುವ ತಂತ್ರಾಂಶ ಬಳಸುವ ಅಂಧ ಓದುಗರಿಗೆ ಅದು ಗೋಡೆಯಾಗುತ್ತದೆ.

4. ಹಳೆಯ ಪತ್ರಗಳನ್ನು ಮರೆಯಬೇಡಿ

ಸೆಟ್ಟಿಂಗ್ ಬದಲಿಸಿದ್ದು ಮುಂದೆ ಬರುವ ಪತ್ರಗಳಿಗೆ ಮಾತ್ರ. ಪೈಪರ್‌ಮೇಲ್ ಮತ್ತು ಎಂಹಾನಾರ್ಕ್ ಪ್ರತಿ ಪತ್ರಕ್ಕೂ ಒಂದು ಸ್ಥಿರ ಪುಟ ಬರೆದಿಟ್ಟುಬಿಡುತ್ತವೆ. ಹತ್ತು ವರ್ಷದ ಹಳೆಯ ಪುಟಗಳು ಹತ್ತು ವರ್ಷದ ಹಳೆಯ ನಿಯಮದಂತೆಯೇ ಇರುತ್ತವೆ. ಅವನ್ನು ಮೂಲದಿಂದ ಮತ್ತೆ ಕಟ್ಟಬೇಕು.

ಮೂಲ ಎಂದರೆ ಎಂಬಾಕ್ಸ್ ಕಡತ. ಬಂದ ಪತ್ರಗಳೆಲ್ಲ ಒಂದರ ಕೆಳಗೊಂದು ಸೇರಿರುವ ಒಂದೇ ದೊಡ್ಡ ಪಠ್ಯ ಕಡತ ಅದು. ಮೊದಲು ಅದರ ಪ್ರತಿಯನ್ನೂ ಈಗಿರುವ ಎಚ್‌ಟಿಎಂಎಲ್ ಪುಟಗಳ ಪ್ರತಿಯನ್ನೂ ಬೇರೆ ಡಿಸ್ಕಿಗೆ ತೆಗೆದಿಟ್ಟುಕೊಳ್ಳಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ.

ಆಮೇಲೆ ಮೇಲ್‌ಮ್ಯಾನ್ 2ರ ‘ಕ್ಲೀನ್‌ಆರ್ಕ್’ ಎಂಬ ಉಪಕರಣ ಓಡಿಸಿ. ಎಂಬಾಕ್ಸ್‌ನಲ್ಲಿ ಹೊಸ ಪತ್ರ ಶುರುವಾಯಿತು ಎಂದು ತಿಳಿಯುವುದು ಸಾಲಿನ ಆರಂಭದಲ್ಲಿ ‘ಫ್ರಮ್’ ಎಂಬ ಇಂಗ್ಲಿಷ್ ಪದ ಮತ್ತು ಒಂದು ಖಾಲಿ ಜಾಗ ಕಂಡಾಗ. ಯಾರಾದರೂ ತಮ್ಮ ಇಂಗ್ಲಿಷ್ ಪತ್ರದ ಒಂದು ಸಾಲನ್ನು ಅದೇ ಪದದಿಂದ ಆರಂಭಿಸಿದ್ದರೆ ಆ ಪತ್ರ ಅಲ್ಲಿಗೆ ಎರಡು ತುಂಡಾಗುತ್ತದೆ. ಕ್ಲೀನ್‌ಆರ್ಕ್ ಅಂಥ ಸಾಲುಗಳನ್ನು ಗುರುತಿಸಿ ಸರಿಪಡಿಸುತ್ತದೆ. ನಂತರ ‘ಆರ್ಕ್’ ಉಪಕರಣವನ್ನು ‘ವೈಪ್’ ಆಯ್ಕೆಯೊಂದಿಗೆ ಓಡಿಸಿದರೆ ಹಳೆಯ ಪುಟಗಳು ಅಳಿದು, ಹೊಸ ನಿಯಮದಂತೆ ಎಲ್ಲವೂ ಮತ್ತೆ ರೂಪುಗೊಳ್ಳುತ್ತವೆ. ದೊಡ್ಡ ಆರ್ಕೈವ್ ಆದರೆ ಸರ್ವರ್‌ಗೆ ಹೊರೆ ಹೆಚ್ಚು, ರಾತ್ರಿ ಹೊತ್ತು ಮಾಡಿ.

ಎಚ್ಚರ: ಹೀಗೆ ಮತ್ತೆ ಕಟ್ಟಿದಾಗ ಪತ್ರಗಳ ಕ್ರಮಸಂಖ್ಯೆ ಬದಲಾಗಬಹುದು. ಪುಟದ ಜಾಲವಿಳಾಸದಲ್ಲಿ ಆ ಸಂಖ್ಯೆಯೇ ಇರುವುದರಿಂದ ಬೇರೆಯವರು ಕೊಟ್ಟ ಕೊಂಡಿಗಳು ಬೇರೆ ಪತ್ರಕ್ಕೆ ಹೋಗಿಬಿಡುತ್ತವೆ. ನಿಮ್ಮ ಆರ್ಕೈವ್‌ಗೆ ಹೊರಗಿನಿಂದ ಬಹಳ ಕೊಂಡಿಗಳಿದ್ದರೆ, ಮತ್ತೆ ಕಟ್ಟುವ ಬದಲು ಈಗಿರುವ ಪುಟಗಳಲ್ಲೇ ವಿಳಾಸದ @ ಮಾತ್ರ ಬದಲಿಸುವ ಚಿಕ್ಕ ಸ್ಕ್ರಿಪ್ಟ್ ಬರೆಯುವುದು ಒಳ್ಳೆಯದು. ಸರ್ವರ್ ಬಲ್ಲ ಗೆಳೆಯರಿಗೆ ಅದು ದೊಡ್ಡ ಕೆಲಸವಲ್ಲ.

ಒಬ್ಬ ಸದಸ್ಯರು “ನನ್ನ ಆ ಒಂದು ಪತ್ರ ತೆಗೆಯಿರಿ” ಎಂದು ಕೇಳಿಕೊಂಡಾಗಲೂ ಇದೇ ಎಚ್ಚರ ಬೇಕು. ಎಂಬಾಕ್ಸ್‌ನಿಂದ ಪತ್ರವನ್ನು ಇಡಿಯಾಗಿ ಕಿತ್ತರೆ ಅದರ ಮುಂದಿನ ಎಲ್ಲ ಸಂಖ್ಯೆಗಳೂ ಸರಿದುಹೋಗುತ್ತವೆ. ಪತ್ರದ ಜಾಗ ಉಳಿಸಿ, ಹೆಸರು ಮತ್ತು ವಿಳಾಸ ಬದಲಿಸಿ, ಒಡಲಿನಲ್ಲಿ “ಬರೆದವರ ಕೋರಿಕೆಯ ಮೇರೆಗೆ ತೆಗೆಯಲಾಗಿದೆ” ಎಂದು ಒಂದು ಸಾಲು ಹಾಕಿ. ಅವರಿಗೆ ಉತ್ತರಿಸಿದವರ ಪತ್ರಗಳಲ್ಲಿ ಉಲ್ಲೇಖವಾಗಿ ಉಳಿದದ್ದನ್ನೂ ಹುಡುಕಿ ತೆಗೆಯಿರಿ. ಇಂಥ ಕೋರಿಕೆ ಬಂದರೆ ಕಾರಣ ಕೆದಕದೆ ನಡೆಸಿಕೊಡಿ. ಕೆಲವರಿಗೆ ಅದು ಬರೀ ಸ್ಪ್ಯಾಮ್ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ.

5. ಎಂಬಾಕ್ಸ್ ಮತ್ತು ಲಗತ್ತು

ನೂರಾರು ಪುಟಗಳಲ್ಲಿ ವಿಳಾಸ ಮರೆಮಾಡಿ, ಮೂಲ ಎಂಬಾಕ್ಸ್ ಕಡತವನ್ನು ಎಲ್ಲರೂ ಇಳಿಸಿಕೊಳ್ಳುವಂತೆ ಬಿಡುವುದೆಂದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ವಿಳಾಸಗಳ್ಳನಿಗೆ ಪುಟಪುಟ ತಿರುಗುವ ಶ್ರಮವೂ ಉಳಿಯುತ್ತದೆ. ಮೇಲ್‌ಮ್ಯಾನ್ 2ರಲ್ಲಿ ‘ಪಬ್ಲಿಕ್ ಎಂಬಾಕ್ಸ್’ ಸೆಟ್ಟಿಂಗ್ ‘ನೋ’ ಆಗಿರಲಿ. ತಿಂಗಳ ಕಡತವನ್ನು ನೀವೇ ಒಮ್ಮೆ ಇಳಿಸಿ, ಬಿಚ್ಚಿ, @ ಹುಡುಕಿ. ಸಂಶೋಧನೆಗೆಂದು ಮೂಲ ಕಡತ ಬೇಕಾದವರಿಗೆ ಕೇಳಿದಾಗ ಕೊಡಬಹುದು.

ಲಗತ್ತುಗಳಿಗೆ ಸುಲಭ ಪರಿಹಾರವಿಲ್ಲ. ಸದಸ್ಯರ ಪಟ್ಟಿಯಿರುವ ಎಕ್ಸೆಲ್ ಹಾಳೆ, ಸಮ್ಮೇಳನದ ನೋಂದಣಿ ಪಟ್ಟಿ, ವಿಸಿಟಿಂಗ್ ಕಾರ್ಡ್ ಕಡತಗಳನ್ನು ಹುಡುಕಿ ಕೈಯಾರೆ ತೆಗೆಯಬೇಕು. ಹಳೆ ವಿದ್ಯಾರ್ಥಿಗಳ ಬಳಗ, ಹೊರನಾಡ ಕನ್ನಡ ಸಂಘದಂಥ ಗುಂಪುಗಳಲ್ಲಿ ಇಂಥ ಪಟ್ಟಿಗಳು ಓಡಾಡುವುದು ಹೆಚ್ಚು. ಒಂದೇ ಹಾಳೆಯಲ್ಲಿ ನೂರಾರು ಕುಟುಂಬಗಳ ಫೋನ್ ಸಂಖ್ಯೆ ಇರುತ್ತದೆ. ಇನ್ನು ಮುಂದೆ ಲಗತ್ತಿರುವ ಪತ್ರಗಳು ನಿಮ್ಮ ಒಪ್ಪಿಗೆಯ ನಂತರವೇ ಹೋಗುವಂತೆ ಮಾಡಿಕೊಳ್ಳಿ.

6. ಹೊರಗಿನ ಪ್ರತಿಗಳು ಮತ್ತು ಒಳಗಿನ ಕಳ್ಳರು

ನಿಮ್ಮ ಗುಂಪಿನ ಪತ್ರಗಳನ್ನು ಬೇರೆಯವರೂ ಸಂಗ್ರಹಿಸಿರಬಹುದು. ದಿ ಮೇಲ್ ಆರ್ಕೈವ್, ಎಂಎಆರ್‌ಸಿ ಮುಂತಾದ ತಾಣಗಳು ಬಹಳ ಗುಂಪುಗಳ ಪತ್ರ ಇಟ್ಟುಕೊಂಡಿವೆ. ಎರಡೂ ವಿಳಾಸ ಮರೆಮಾಚುತ್ತವೆ. ಎಂಎಆರ್‌ಸಿಯಲ್ಲಿ @ ಬದಲು ಖಾಲಿ ಆವರಣ, ಚುಕ್ಕಿಯ ಬದಲು ಆಶ್ಚರ್ಯಸೂಚಕ ಚಿಹ್ನೆ ಕಾಣುತ್ತದೆ. ಜಾಲದ ಹಳೆಯ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್ ತಾಣ ಹಾಗಲ್ಲ, ಹಿಂದೊಮ್ಮೆ ಪುಟ ಹೇಗಿತ್ತೋ ಹಾಗೆಯೇ ಇಟ್ಟಿರುತ್ತದೆ. ಗುಂಪಿನ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಎಲ್ಲೆಲ್ಲಿ ಪ್ರತಿ ಇದೆ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಆಯಾ ತಾಣದವರಿಗೆ ನಿರ್ವಾಹಕರ ವಿಳಾಸದಿಂದಲೇ ಪತ್ರ ಬರೆಯಿರಿ. ಆದರೆ ಮೊದಲು ನಿಮ್ಮ ಮೂಲ ಸರಿಯಾಗಿರಲಿ, ಇಲ್ಲವಾದರೆ ಅಳಿಸಿದ್ದು ಮತ್ತೆ ಬರುತ್ತದೆ.

ಪುಟ ಓದುವ ಯಂತ್ರಗಳಿಗೆ ಸೂಚನೆ ಬರೆದಿಡುವ ರೋಬಾಟ್ಸ್ ಕಡತದಲ್ಲಿ “ಈ ಪುಟಗಳಿಗೆ ಬರಬೇಡಿ” ಎಂದು ಬರೆದರೆ ಗೂಗಲ್ ಕೇಳುತ್ತದೆ, ವಿಳಾಸಗಳ್ಳ ಕೇಳುವುದಿಲ್ಲ. ಆರ್ಕೈವ್ ಓದುಗರಿಗೆ ಸಿಗದಂತೆ ಮಾಡಿದ್ದಷ್ಟೇ ಬರುವ ಫಲ.

ಇನ್ನು ಒಳಗಿನ ದಾರಿ. ಆರ್ಕೈವ್‌ನಲ್ಲಿ ಎಷ್ಟೇ ಮರೆಮಾಡಿದರೂ ಸದಸ್ಯರಿಗೆ ಹೋಗುವ ಪತ್ರದಲ್ಲಿ ಸಾಮಾನ್ಯವಾಗಿ ಕಳಿಸಿದವರ ವಿಳಾಸ ಇದ್ದೇ ಇರುತ್ತದೆ. ಸದಸ್ಯನಾಗಿ ಸೇರಿಕೊಂಡ ಕಳ್ಳನಿಗೆ ಆರ್ಕೈವ್ ಬೇಕಿಲ್ಲ. ಆದ್ದರಿಂದ ಸೇರಲು ದೃಢೀಕರಣ ಪತ್ರದ ಜೊತೆಗೆ ನಿರ್ವಾಹಕರ ಒಪ್ಪಿಗೆಯೂ ಬೇಕು ಎಂದು ಇಡಿ. ಕಳಿಸಿದವರ ವಿಳಾಸದ ಬದಲು ಗುಂಪಿನ ವಿಳಾಸವನ್ನೇ ತೋರಿಸುವ ‘ಅನಾಮಧೇಯ’ ಆಯ್ಕೆಯೂ ಮೇಲ್‌ಮ್ಯಾನ್‌ನಲ್ಲಿ ಇದೆ. ಚರ್ಚೆಯ ಗುಂಪಿಗೆ ನಾನು ಅದನ್ನು ಸೂಚಿಸುವುದಿಲ್ಲ. ಯಾರು ಹೇಳಿದ್ದು ಎಂಬುದೇ ತಿಳಿಯದ ಚರ್ಚೆ ಬೇಗ ಸೊರಗುತ್ತದೆ, ಮೇಲಾಗಿ ಸಹಿಯಲ್ಲಿರುವ ವಿಳಾಸವನ್ನು ಅದು ಮುಟ್ಟುವುದೂ ಇಲ್ಲ.

7. ನೀವು ಸದಸ್ಯರಾಗಿದ್ದರೆ

ಗುಂಪುಗಳಿಗೆಂದೇ ಒಂದು ಪ್ರತ್ಯೇಕ ಇಮೇಲ್ ವಿಳಾಸ ಇಟ್ಟುಕೊಳ್ಳಿ. ಬ್ಯಾಂಕ್, ಆಧಾರ್, ತೆರಿಗೆಗೆ ಕೊಟ್ಟ ವಿಳಾಸದಿಂದ ಯಾವ ಬಹಿರಂಗ ಗುಂಪಿಗೂ ಬರೆಯಬೇಡಿ. ಜಿಮೇಲ್‌ನಲ್ಲಿ ಹೆಸರಿನ ನಂತರ, @ಗಿಂತ ಮೊದಲು, ಕೂಡುವ ಚಿಹ್ನೆ ಮತ್ತು ಒಂದು ಪದ ಸೇರಿಸಿ ಬಳಸುವವರಿದ್ದಾರೆ. ವಿಳಾಸ ಎಲ್ಲಿಂದ ಸೋರಿತು ಎಂದು ತಿಳಿಯಲು ಅದು ಒಳ್ಳೆಯದು, ಆದರೆ ಆ ಭಾಗವನ್ನು ಕತ್ತರಿಸಿ ಮೂಲ ವಿಳಾಸ ಪಡೆಯುವುದು ಸುಲಭ.

ಉತ್ತರ ಬರೆಯುವಾಗ ಹಿಂದಿನ ಪತ್ರದ ಬಾಲವನ್ನೆಲ್ಲ ಎಳೆದುಕೊಂಡು ಹೋಗಬೇಡಿ. ಬೇಕಾದ ಎರಡು ಸಾಲು ಉಳಿಸಿ, “ಇಂಥವರು ಬರೆದರು” ಸಾಲಿನಲ್ಲಿ ಹೆಸರು ಮಾತ್ರ ಬಿಡಿ. ಇನ್ನೊಬ್ಬರ ವಿಳಾಸ ಕಾಯುವುದು ನಿಮ್ಮ ಕೈಯಲ್ಲೂ ಇದೆ. ಸಹಿಯಲ್ಲಿ ಫೋನ್ ಸಂಖ್ಯೆ ಬೇಡ. ಉದಾಹರಣೆಗೆ ವಿಳಾಸ ಬರೆಯಬೇಕಾದಾಗ ‘ಎಕ್ಸಾಂಪಲ್ ಡಾಟ್ ಕಾಮ್’ ಬಳಸಿ. ಅದನ್ನು ಇಂಥ ಬಳಕೆಗೆಂದೇ ಕಾಯ್ದಿರಿಸಲಾಗಿದೆ. ಬಾಯಿಗೆ ಬಂದ ವಿಳಾಸ ಬರೆದರೆ ಅದು ಯಾರೋ ನಿಜವಾದ ವ್ಯಕ್ತಿಯದಾಗಿರಬಹುದು.

ಒಂದು ಪತ್ರ ಆರ್ಕೈವ್‌ಗೆ ಸೇರಬಾರದು ಎಂದಿದ್ದರೆ ಥಂಡರ್‌ಬರ್ಡ್‌ನಂಥ ಇಮೇಲ್ ತಂತ್ರಾಂಶದಲ್ಲಿ ‘ಎಕ್ಸ್ ನೋ ಆರ್ಕೈವ್’ ಎಂಬ ತಲೆಸಾಲು (ಒಡಲಿಗಿಂತ ಮೊದಲು ಬರುವ ಸೂಚನೆಯ ಸಾಲು) ಸೇರಿಸಬಹುದು. ಮೇಲ್‌ಮ್ಯಾನ್ 2 ಇದನ್ನು ಗೌರವಿಸುತ್ತದೆ. ಪತ್ರ ಸದಸ್ಯರಿಗೆ ಮಾತ್ರ ಹೋಗುತ್ತದೆ. ಆದರೆ ಯಾರಾದರೂ ಅದನ್ನು ಉಲ್ಲೇಖಿಸಿ ಉತ್ತರಿಸಿದರೆ ಆ ಉತ್ತರ ಆರ್ಕೈವ್‌ಗೆ ಸೇರುತ್ತದೆ.

ಹಳೆಯ ಪತ್ರದ ಬಗ್ಗೆ ನಿರ್ವಾಹಕರಿಗೆ ಬರೆಯುವಾಗ ಪುಟದ ಪೂರ್ತಿ ಜಾಲವಿಳಾಸ ಕೊಡಿ, ಪತ್ರ ಬೇಡವೋ ವಿಳಾಸ ಮಾತ್ರ ಬೇಡವೋ ಹೇಳಿ. ಉತ್ತರ ಬರದಿದ್ದರೆ, ಇಮೇಲ್, ಫೋನ್‌ನಂಥ ಸಂಪರ್ಕ ವಿವರ ತೋರಿಸುವ ಫಲಿತಾಂಶ ತೆಗೆಯುವಂತೆ ಗೂಗಲ್‌ಗೆ ನೇರವಾಗಿ ಕೋರಬಹುದು. 2022ರಿಂದ ಅಂಥ ಕೋರಿಕೆಗಳನ್ನು ಅದು ಪರಿಶೀಲಿಸುತ್ತಿದೆ. ಇದರಿಂದ ಹುಡುಕಾಟದಲ್ಲಿ ಪುಟ ಮರೆಯಾಗಬಹುದು, ಆದರೆ ಮೂಲ ಪುಟ ಅಲ್ಲೇ ಇರುತ್ತದೆ.

ಕಾನೂನು ಕಾಯುತ್ತದೆಯೇ ಎಂದು ಕೇಳುವವರಿಗೆ: ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಇಮೇಲ್ ವಿಳಾಸವೂ ವೈಯಕ್ತಿಕ ದತ್ತಾಂಶವೇ. ಆದರೆ ವ್ಯಕ್ತಿ ತಾನಾಗಿಯೇ ಬಹಿರಂಗಪಡಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ತೆರೆದ ಗುಂಪಿಗೆ ನೀವೇ ಬರೆದ ಪತ್ರದ ಮಟ್ಟಿಗೆ ಅದನ್ನು ನಂಬಿ ಕೂರುವಂತಿಲ್ಲ.

8. ಮತ್ತೆ ಪರೀಕ್ಷಿಸಿ

ಎರಡನೆಯ ಹಂತದ ಹಾಳೆ ತೆಗೆದು, ಖಾಸಗಿ ಕಿಟಕಿಯಲ್ಲಿ ಎಲ್ಲವನ್ನೂ ಮೊದಲಿನಿಂದ ನೋಡಿ. ಹೊಸದಾಗಿ ಒಂದು ಪರೀಕ್ಷಾ ಪತ್ರ ಕಳಿಸಿ, ಇನ್ನೊಂದು ವಿಳಾಸದಿಂದ ಅದಕ್ಕೆ ಉಲ್ಲೇಖಸಹಿತ ಉತ್ತರ ಕಳಿಸಿ, ಎರಡರ ಪುಟಗಳನ್ನೂ ಮೂಲಸಮೇತ ನೋಡಿ. ಸರ್ವರ್ ಬದಲಾದಾಗ, ತಂತ್ರಾಂಶ ನವೀಕರಿಸಿದಾಗ, ಮೇಲ್‌ಮ್ಯಾನ್ 2ರಿಂದ 3ಕ್ಕೆ ಸಾಗಿದಾಗ ಹಳೆಯ ಸೆಟ್ಟಿಂಗ್‌ಗಳು ಜೊತೆಗೆ ಬಂದಿವೆ ಎಂದು ಭಾವಿಸಬೇಡಿ. ಸಾಗಿದ ನಂತರ ಹಳೆಯ ಪೈಪರ್‌ಮೇಲ್ ಪುಟಗಳು ಹಳೆಯ ಜಾಗದಲ್ಲೇ ತೆರೆದು ಉಳಿದಿರುವುದು ಸಾಮಾನ್ಯ. ಅವುಗಳ ಜಾಲವಿಳಾಸವನ್ನೂ ಹಾಳೆಯಲ್ಲಿ ಬರೆದುಕೊಂಡು, ಅಲ್ಲಿಯೂ @ ಹುಡುಕಿ ನೋಡಿ.